ಎರಡು ಪಾರಿವಾಳ, ಒಂದು ಹಾವು

1894ರ ಒಂದು ಬೆಳಿಗ್ಗೆ ಲಂಡನ್ ಮೃಗಾಲಯದ ಸರೀಸೃಪಗಳ ಮನೆಯಲ್ಲಿ ಒಂದು ಗೂಡಿನ ಲೆಕ್ಕ ತಪ್ಪಿತು. ಹಿಂದಿನ ದಿನ ಅದರಲ್ಲಿ ಎರಡು ಬೋವಾ ಹಾವುಗಳಿದ್ದವು. ಒಂದು 11 ಅಡಿ ಉದ್ದದ್ದು, ಇನ್ನೊಂದು 9 ಅಡಿಯದು. ರಾತ್ರಿಯ ಊಟಕ್ಕೆಂದು ಪಾಲಕ ತಲೆಗೊಂದರಂತೆ ಎರಡು ಪಾರಿವಾಳಗಳನ್ನು ಒಳಗೆ ಬಿಟ್ಟು ಹೋಗಿದ್ದ. ಬೆಳಿಗ್ಗೆ ಬಂದು ನೋಡಿದರೆ ಪಾರಿವಾಳಗಳಿಲ್ಲ, ಅದೇನೋ ಸರಿ. ಆದರೆ ಹಾವೂ ಒಂದೇ ಇತ್ತು. ಗಾಜು ಒಡೆದಿರಲಿಲ್ಲ, ಬಾಗಿಲು ತೆರೆದಿರಲಿಲ್ಲ. ಉಳಿದಿದ್ದ ದೊಡ್ಡ ಹಾವು ಮಾತ್ರ ಎಂದಿನಂತೆ ಸಿಂಬೆ ಸುತ್ತಿಕೊಳ್ಳಲಾರದೆ ಕೊರಡಿನ ಹಾಗೆ ಬಿದ್ದಿತ್ತು. 9 ಅಡಿಯ ಹಾವು 11 ಅಡಿಯದರ ಹೊಟ್ಟೆಯೊಳಗಿತ್ತು.

ಲಂಡನ್ನಿನ ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ‘ನರಭಕ್ಷಕ’ನಿಗೆ ಬಳಸುವ ಮಾತನ್ನೇ ಹಾವಿಗೂ ಅಂಟಿಸಿ, ಚಿತ್ರ ಬರೆಸಿ ಅಚ್ಚು ಹಾಕಿದರು. ತಿಂದ ಹಾವು ಸಾಯುತ್ತದೆಂದು ಕಾದವರಿಗೆ ನಿರಾಶೆಯಾಯಿತು. ಕೆಲವು ವಾರಗಳಲ್ಲಿ ಅದು ಜೊತೆಗಾರನನ್ನು ಪೂರ್ತಿ ಅರಗಿಸಿಕೊಂಡು, ಮೊದಲಿನ ಗಾತ್ರಕ್ಕೆ ಬಂದು, ಮತ್ತೊಂದು ಪಾರಿವಾಳಕ್ಕೆ ಬಾಯಿ ತೆರೆಯಿತು.

ಈ ಘಟನೆಯನ್ನು ಸೇಡಿನ ಕಥೆಯೆಂದು ಓದಿದವರಿದ್ದರು, ಹಸಿವಿನ ಕಥೆಯೆಂದು ಓದಿದವರೂ ಇದ್ದರು. ಹಾವಿನ ಬಾಯಿ ಕೆಲಸ ಮಾಡುವ ರೀತಿ ಗೊತ್ತಿದ್ದವರು ಕೊಟ್ಟ ವಿವರಣೆ ಸಪ್ಪೆಯಾಗಿತ್ತು, ಬಹುಶಃ ಅದೇ ಸರಿ. ಎರಡೂ ಹಾವುಗಳು ಒಂದೇ ಪಾರಿವಾಳವನ್ನು ಎರಡು ಕಡೆಯಿಂದ ಹಿಡಿದಿರಬೇಕು. ಹಾವಿನ ಹಲ್ಲುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ದವಡೆಯ ಎಡಭಾಗ ಹಿಡಿದಿರುವಾಗ ಬಲಭಾಗ ಮುಂದೆ ಸರಿಯುತ್ತದೆ, ಬಲಭಾಗ ಹಿಡಿದಾಗ ಎಡಭಾಗ. ಹೀಗೆ ಹಾವು ಬೇಟೆಯನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ, ತಾನೇ ಅದರ ಮೇಲೆ ಮುಂದೆ ಮುಂದೆ ನಡೆಯುತ್ತದೆ ಎನ್ನಬೇಕು. ನಡೆಯುತ್ತ ನಡೆಯುತ್ತ ಪಾರಿವಾಳ ಮುಗಿದು ಇನ್ನೊಂದು ಹಾವಿನ ಮೂತಿ ಸಿಕ್ಕಿತು. ಅದರ ಮೇಲೆಲ್ಲ ಪಾರಿವಾಳದ್ದೇ ವಾಸನೆ. ದೊಡ್ಡ ಬಾಯಿ ನಿಲ್ಲಲಿಲ್ಲ. ಇದರಲ್ಲಿ ಹಗೆಯೂ ಇಲ್ಲ, ವಂಚನೆಯೂ ಇಲ್ಲ. ಒಂದು ಗೂಡಿನಲ್ಲಿ ಎರಡು ಬಾಯಿಗಳನ್ನಿಟ್ಟು ಊಟ ಹಾಕಿ ದೀಪ ಆರಿಸಿ ಹೋದವನು ಮನುಷ್ಯ.

ಹಾವುಗಳನ್ನು ಜೊತೆಯಲ್ಲಿ ಸಾಕಬೇಕೋ ಬೇರೆ ಬೇರೆಯಾಗಿ ಸಾಕಬೇಕೋ ಎಂಬ ಪ್ರಶ್ನೆ ಇಂದು ಪುಣೆಯ, ಹೈದರಾಬಾದಿನ, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಾಲ್ ಪೈಥಾನ್ ಸಾಕುವ ಹುಡುಗರ ನಡುವೆ ಜಗಳಕ್ಕೆ ಕಾರಣವಾಗಿದೆ. ಅವರಿಗೆ ಇದು ಹೊಸ ಜಗಳ. ಆದರೆ ಹಾವನ್ನು ಡಬ್ಬಿಯಲ್ಲಿಟ್ಟ ಪ್ರತಿಯೊಬ್ಬರೂ, ಮೃಗಾಲಯದವರಿರಲಿ, ವಿಷ ತೆಗೆಯುವವರಿರಲಿ, ಇದಕ್ಕೆ ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳಲ್ಲಿ ಹಾವಿನ ಇಷ್ಟಕ್ಕಿಂತ ಜಾಗದ, ಕಾಸಿನ, ನೋಡುವವರ ಇಷ್ಟವೇ ಹೆಚ್ಚು ಕಾಣುತ್ತದೆ.

ಲಂಡನ್ನಿನ ಸರೀಸೃಪಗಳ ಮನೆ ತೆರೆದದ್ದು 1849ರಲ್ಲಿ. ಹಾವು, ಹಲ್ಲಿ, ಮೊಸಳೆಗಳಿಗೆಂದೇ ಮೀಸಲಾದ ಮನೆ ಜಗತ್ತಿನ ಯಾವ ಮೃಗಾಲಯದಲ್ಲೂ ಅದಕ್ಕೆ ಮೊದಲು ಇರಲಿಲ್ಲ. ಮುಂದೆ ಗಾಜು, ಒಳಗೆ ಕಾವು, ಹೊದೆಯಲು ಕಂಬಳಿ. ಹೌದು, ಕಂಬಳಿಯೇ. ತಂಪು ರಕ್ತದ ಪ್ರಾಣಿಗೆ ಕಂಬಳಿ ಹೊದಿಸಿದರೆ ಕಂಬಳಿಯೊಳಗಿನ ತಂಪು ತಂಪಾಗಿಯೇ ಉಳಿಯುತ್ತದೆ ಎಂಬುದು ಆ ಕಾಲಕ್ಕೆ ಹೊಳೆದಿರಲಿಲ್ಲವೇನೋ. ಇಲ್ಲಿಯೇ ಒಂದು ಬೋವಾ ತನ್ನ ಕಂಬಳಿಯನ್ನೇ ನುಂಗಿ, ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ಹೊರಗೆ ಹಾಕಿತ್ತು. ಆ ಕಂಬಳಿಯ ಕಥೆಯೂ ಪತ್ರಿಕೆಗಳಲ್ಲಿ ಓಡಾಡಿತು. ಆದರೆ ಅದರಿಂದ ಯಾರೂ ಪಾಠ ಕಲಿತಂತೆ ಕಾಣುವುದಿಲ್ಲ: ಊಟದ ವಾಸನೆ ಹತ್ತಿದ್ದೆಲ್ಲ ಹಾವಿಗೆ ಊಟವೇ. ಕಂಬಳಿಯಾದರೇನು, ಜೊತೆಗಾರನಾದರೇನು.

ಅಂಥ ಮನೆಯಲ್ಲಿ ಹಾವುಗಳು ಒಟ್ಟಿಗಿದ್ದದ್ದು ಏಕೆ ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಗಾಜು ದುಬಾರಿ. ಲಂಡನ್ನಿನ ಚಳಿಯಲ್ಲಿ ಕಾವು ಇನ್ನೂ ದುಬಾರಿ. ಜೊತೆಗೆ, ಕಾಸು ಕೊಟ್ಟು ಒಳಗೆ ಬಂದವರಿಗೆ ಮೂಲೆಯಲ್ಲಿ ಮಲಗಿದ ಒಂದು ಹಾವಿಗಿಂತ ಒಂದರ ಮೇಲೊಂದು ಹೆಣೆದುಕೊಂಡ ಐದು ಹಾವುಗಳು ಹೆಚ್ಚು ಚಂದ. ಹಾವುಗಳೂ ಅದಕ್ಕೆ ಸಹಕರಿಸುತ್ತಿದ್ದವು, ಗೂಡಿನ ಒಂದೇ ಮೂಲೆಯಲ್ಲಿ ಗುಡ್ಡೆಯಾಗಿ ಬೀಳುತ್ತಿದ್ದವು. ನೋಡುವವರಿಗೆ ಅದು ಅಪ್ಪುಗೆಯಂತೆ ಕಂಡಿತು.

ಆ ಅಪ್ಪುಗೆಯ ಗುಟ್ಟು ಕಾವಿನಲ್ಲಿದೆ. ಗೂಡಿನಲ್ಲಿ ಬೆಚ್ಚಗಿನ ಜಾಗ ಒಂದೇ ಇದ್ದರೆ ಇರುವ ಹಾವುಗಳೆಲ್ಲ ಅಲ್ಲಿಗೇ ಬರಬೇಕು. ಅಡಗುವುದಕ್ಕೆ ಒಂದೇ ಸಂದಿಯಿದ್ದರೆ ಎಲ್ಲವೂ ಅದರೊಳಗೇ ತೂರಬೇಕು. ಬೆಳಗಿನ ಜಾವ ಮುಂಬಯಿಯ ಲೋಕಲ್ ರೈಲಿನಲ್ಲಿ ಒಬ್ಬರ ತೋಳಿಗೆ ಒಬ್ಬರು ಒತ್ತಿಕೊಂಡು ನಿಂತವರನ್ನು ದೂರದಿಂದ ನೋಡಿದವರು ಇವರೆಲ್ಲ ಬಹಳ ಪ್ರೀತಿಯ ಬಳಗ ಅಂದುಕೊಂಡರೆ ಹೇಗೋ ಹಾಗೆ. ಇದನ್ನು ಕಟ್ಟಡದಲ್ಲಿ ಸರಿಪಡಿಸಿದವರು ಜೋನ್ ಪ್ರಾಕ್ಟರ್. 1923ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ, ಅದೇ ಮೃಗಾಲಯದ ಸರೀಸೃಪ ವಿಭಾಗದ ಹೊಣೆ ಹೊತ್ತ ಈ ಮಹಿಳೆ ಜೀವನದುದ್ದಕ್ಕೂ ಕಾಯಿಲೆಯ ಜೊತೆ ಏಗಿದವರು. 1931ರಲ್ಲಿ 34ನೇ ವಯಸ್ಸಿಗೇ ತೀರಿಕೊಂಡರು. ಅವರು ಯೋಜಿಸಿದ ಹೊಸ ಸರೀಸೃಪಗಳ ಮನೆ 1927ರಲ್ಲಿ ತೆರೆಯಿತು. ಇಡೀ ಕಟ್ಟಡಕ್ಕೆ ಒಂದೇ ಹದದ ಬಿಸಿ ಕೊಡುವುದನ್ನು ಬಿಟ್ಟು ಒಂದೊಂದು ಗೂಡಿಗೂ ಅದರದೇ ಕಾವು, ಗೂಡಿನೊಳಗೇ ಬಿಸಿಯ ಜಾಗ ಒಂದು, ತಂಪಿನ ಜಾಗ ಒಂದು, ಅದಕ್ಕೆ ವಿದ್ಯುತ್ತಿನ ವ್ಯವಸ್ಥೆ. ಹಾವು ತನಗೆ ಬೇಕಾದ ಬಿಸಿಯನ್ನು ತಾನೇ ಆರಿಸಿಕೊಳ್ಳುವಂತಾಗಬೇಕು ಎಂಬ ಯೋಚನೆ ಇಂದು ಹಾವು ಸಾಕುವವರಿಗೆ ಅಆಇಈ. ಆದರೆ ಅದು ಹುಟ್ಟಿ ಇನ್ನೂ ನೂರು ವರ್ಷ ಈಗಷ್ಟೇ ಆಗುತ್ತಿದೆ.

ಅಪ್ಪುಗೆಯನ್ನು ತಪ್ಪಾಗಿ ಓದಿದ್ದು ಲಂಡನ್ನಿನವರು ಮಾತ್ರವಲ್ಲ. ಗದ್ದೆಯ ಬದುವಿನಲ್ಲಿ ಎರಡು ಹಾವುಗಳು ಹುರಿ ಹೊಸೆದಂತೆ ಸುತ್ತಿಕೊಂಡು, ತಲೆಯನ್ನು ನೆಲದಿಂದ ಮೇಲೆತ್ತಿ ತೂಗಾಡುವ ನೋಟವನ್ನು ನಮ್ಮ ಹಳ್ಳಿಗಳಲ್ಲಿ ನೋಡದವರು ಕಡಿಮೆ. ನೋಡಿದವರೆಲ್ಲ ಅದನ್ನು ಮಿಲನ ಎನ್ನುತ್ತಾರೆ. ಒಂದು ನಾಗರ, ಇನ್ನೊಂದು ಕೇರೆ, ನಾಗರಕ್ಕೆ ಕೇರೆಯೇ ಜೋಡಿ ಎಂಬ ನಂಬಿಕೆಯೂ ಜೊತೆಗಿದೆ. ಕೆಲವರು ಮೇಲುಹೊದಿಕೆಯ ಬಟ್ಟೆಯನ್ನು ಅವುಗಳ ಮೇಲೆ ಹಾಕಿ, ಆ ಬಟ್ಟೆಯನ್ನು ಶುಭವೆಂದು ಪೆಟ್ಟಿಗೆಯಲ್ಲಿ ಇಡುವುದೂ ಉಂಟು. ಅಲ್ಲಿ ಆಗುತ್ತಿರುವುದು ಸಾಮಾನ್ಯವಾಗಿ ಬೇರೆಯೇ. ಎರಡೂ ಕೇರೆ, ಎರಡೂ ಗಂಡು. ಕಚ್ಚದೆ, ಗಾಯ ಮಾಡದೆ, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತುವ ಕುಸ್ತಿ ಅದು. ಸೋತದ್ದು ಜಾಗ ಖಾಲಿ ಮಾಡುತ್ತದೆ. ಅಶ್ವತ್ಥಕಟ್ಟೆಯ ಮೇಲಿನ ನಾಗರಕಲ್ಲುಗಳಲ್ಲಿ ಇದೇ ಹೆಣಿಗೆ ಎಷ್ಟು ಸುಂದರವಾಗಿ ಮೂಡಿದೆಯೆಂದರೆ, ಕೆತ್ತಿದವರು ಹಾವನ್ನು ಚೆನ್ನಾಗಿ ನೋಡಿದ್ದವರೇ ಎಂಬುದರಲ್ಲಿ ಅನುಮಾನವಿಲ್ಲ. ಕಲ್ಲಿಗೆ ಅದರದೇ ಅರ್ಥವಿದೆ, ಅದು ಬೇರೆ ಮಾತು. ಆದರೆ ಗೂಡಿನ ವಿಷಯಕ್ಕೆ ಬಂದರೆ ಕುಸ್ತಿಯ ಕೊನೆಯ ಭಾಗವೇ ಮುಖ್ಯ. ಹೊಲದಲ್ಲಿ ಸೋತ ಗಂಡಿಗೆ ಓಡಲು ಇಡೀ ಊರಿದೆ. ಮೂರಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಗೆದ್ದವನ ಪಕ್ಕದಲ್ಲೇ ಮಲಗಬೇಕು. ಅಂಥ ಹಾವು ಮೇವು ಬಿಡುತ್ತದೆ, ಮೂಲೆ ಹಿಡಿಯುತ್ತದೆ, ತಿಂಗಳುಗಟ್ಟಲೆ ಸೊರಗುತ್ತದೆ. ಹಾವು ಅರಚುವುದಿಲ್ಲ, ಬಾಲ ಮಡಚುವುದಿಲ್ಲ, ಮುಖ ಸಪ್ಪಗೆ ಮಾಡುವುದಿಲ್ಲ. ಹೀಗಾಗಿ ಸಾಕಿದವರು ಎರಡೂ ಚೆನ್ನಾಗಿ ಹೊಂದಿಕೊಂಡಿವೆ ಎಂದೇ ತಿಳಿಯುತ್ತಾರೆ.

ಹಾವನ್ನೇ ಮೇವಾಗಿ ತಿನ್ನುವ ಹಾವುಗಳ ವಿಷಯದಲ್ಲಿ ಈ ಭ್ರಮೆಗೂ ಅವಕಾಶವಿಲ್ಲ. ಇವುಗಳ ದೊರೆ ಕಾಳಿಂಗ ಸರ್ಪ. 1836ರಲ್ಲಿ ಡೆನ್ಮಾರ್ಕ್ ಮೂಲದ ವೈದ್ಯ ಥಿಯೋಡರ್ ಕ್ಯಾಂಟರ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಮುಂದೆ ಅದು ಸೇರಿದ ಕುಲಕ್ಕೆ ‘ಒಫಿಯೋಫೇಗಸ್’ ಎಂಬ ಹೆಸರು ನಿಂತಿತು. ಗ್ರೀಕಿನಲ್ಲಿ ಹಾಗೆಂದರೆ ಹಾವು ತಿನ್ನುವುದು ಎಂದೇ ಅರ್ಥ. ಸುಮಾರು ಒಂದೂಮುಕ್ಕಾಲು ಶತಮಾನ ಭಾರತದಿಂದ ಫಿಲಿಪೀನ್ಸ್‌ವರೆಗಿನ ಕಾಳಿಂಗಗಳೆಲ್ಲ ಒಂದೇ ಪ್ರಭೇದ ಎಂದುಕೊಂಡಿದ್ದರು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅವು ನಾಲ್ಕು ಪ್ರಭೇದಗಳೆಂದು ತೋರಿಸಿದರು. ಪಶ್ಚಿಮ ಘಟ್ಟದ ಪ್ರಭೇದಕ್ಕೆ ಅವರಿಟ್ಟ ಹೆಸರು ‘ಒಫಿಯೋಫೇಗಸ್ ಕಾಳಿಂಗ’. ಮಲೆನಾಡಿನ ಅಜ್ಜಿಯರ ಬಾಯಲ್ಲಿದ್ದ ಪದ ಹೀಗೆ ಲ್ಯಾಟಿನ್ ಪಟ್ಟಿಯೊಳಗೆ ಹೋಗಿ ಕೂತಿದೆ.

ಈ ಹಾವನ್ನು ಗೂಡಿನಲ್ಲಿ ಜೋಡಿಯಾಗಿಡುವುದು ಜೂಜು. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ಕೆಲವು ವರ್ಷಗಳ ನಂತರ ಕಾಳಿಂಗಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದರು. ಹೆಣ್ಣಿಗಾಗಿ ಗಂಡುಗಳ ಕುಸ್ತಿಯನ್ನು ನೋಡಿದರು. ಗಂಡೊಂದು ಹೆಣ್ಣನ್ನೇ ಕೊಂದದ್ದನ್ನೂ ನೋಡಿದರು. ಕಾಡಿನಲ್ಲೇ ಹೀಗಾದರೆ ಗೂಡಿನ ಮಾತು ಹೇಳಬೇಕಿಲ್ಲ. ಅದೇ ಹೆಣ್ಣು ಕಾಳಿಂಗ, ಹಾವುಗಳಲ್ಲೇ ಅಪರೂಪವೆನ್ನುವಂತೆ, ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಹಾಕಿ ಗೂಡು ಕಟ್ಟುತ್ತದೆ, ಮೊಟ್ಟೆಗಳನ್ನು ಕಾಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಹೊರಟುಹೋಗುತ್ತದೆ. ಇದ್ದರೆ ತನ್ನ ಮಕ್ಕಳನ್ನೇ ತಿಂದುಬಿಟ್ಟೇನೆಂದು ಹೆದರಿ ಹೋಗುತ್ತದೆ ಎಂದು ಜನ ಹೇಳುತ್ತಾರೆ. ತಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಹೇಳುವವರು ಯಾರು? ಹೋಗುವುದಂತೂ ನಿಜ.

ನಮ್ಮ ಮನೆಗಳ ಸುತ್ತ ಓಡಾಡುವ ಕಟ್ಟುಹಾವೂ ಇದೇ ಜಾತಿಯ ಹಸಿವಿನದು. ಇಲಿ, ಹಲ್ಲಿಗಳ ಜೊತೆಗೆ ಬೇರೆ ಹಾವುಗಳನ್ನೂ, ಸಿಕ್ಕರೆ ಇನ್ನೊಂದು ಕಟ್ಟುಹಾವನ್ನೂ ತಿನ್ನುತ್ತದೆ. ವಿಷಕ್ಕಾಗಿ ಹಾವು ಕೂಡಿಡುವವರಿಗೆ ಇದು ದಿನನಿತ್ಯದ ಲೆಕ್ಕ.

ವಿಷದ ಕೆಲಸ ಶುರುವಾದದ್ದು ಒಂದು ಪೀಪಾಯಿಯಿಂದ. 1891ರ ಮಳೆಗಾಲದಲ್ಲಿ ಇಂದಿನ ವಿಯೆಟ್ನಾಮಿನ ದಕ್ಷಿಣ ತುದಿಯಲ್ಲಿರುವ ಬಾಕ್ ಲಿಯೂ ಸಮೀಪದ ಹಳ್ಳಿಯೊಂದಕ್ಕೆ ನೀರು ನುಗ್ಗಿ, ಜೊತೆಗೆ ನಾಗರಹಾವುಗಳೂ ಮನೆಗಳೊಳಗೆ ಬಂದವು. 40ಕ್ಕೂ ಹೆಚ್ಚು ಜನರಿಗೆ ಕಚ್ಚಿ ನಾಲ್ವರು ಸತ್ತರು. ಅಲ್ಲಿನ ಹಾವಾಡಿಗನೊಬ್ಬ 19 ಹಾವುಗಳನ್ನು ಜೀವಂತ ಹಿಡಿದು ಒಂದೇ ಪೀಪಾಯಿಗೆ ತುಂಬಿದ. ಅದನ್ನು ಸೈಗಾನಿನಲ್ಲಿ ಆಗಷ್ಟೇ ಪ್ರಯೋಗಾಲಯ ತೆರೆದಿದ್ದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ಟನಿಗೆ ಕಳಿಸಿಕೊಟ್ಟರು. ಅವನ ಕೆಲಸ ಅಲ್ಲಿಂದ ಬೆಳೆದು ಕೆಲವೇ ವರ್ಷಗಳಲ್ಲಿ ಜಗತ್ತಿನ ಮೊದಲ ಹಾವಿನ ವಿಷದ ಮದ್ದಾಯಿತು. ಆ ಪೀಪಾಯಿಯೊಳಗಿನ ಪ್ರಯಾಣ ಹಾವುಗಳಿಗೆ ಹೇಗಿತ್ತೆಂದು ಕೇಳುವ ಕಾಲ ಅದಲ್ಲ.

ಬ್ರೆಜಿಲ್‌ನಲ್ಲಿ ಪ್ರಮಾಣ ಬೆಳೆಯಿತು. ಸಾವೋ ಪೌಲೋದಲ್ಲಿ 1901ರಲ್ಲಿ ಶುರುವಾದ ಬುಟಾಂಟಾನ್ ಸಂಸ್ಥೆಯ ವೈಟಲ್ ಬ್ರೆಜಿಲ್ — ಅದು ಅವನ ನಿಜವಾದ ಹೆಸರು — ಒಂದು ಜಾಣ ವಿನಿಮಯ ಕಂಡುಹಿಡಿದ. ರೈತರು ಹಾವು ಹಿಡಿದು ಪೆಟ್ಟಿಗೆಯಲ್ಲಿ ರೈಲಿಗೆ ಹಾಕಿದರೆ ಅವರಿಗೆ ಪ್ರತಿಯಾಗಿ ಮದ್ದು ಸಿಗುತ್ತಿತ್ತು. ಹಾವುಗಳು ಬರತೊಡಗಿದಾಗ ಅವುಗಳಿಗೊಂದು ಅಂಗಳ ಬೇಕಾಯಿತು. ಸುತ್ತ ಗೋಡೆ, ಗೋಡೆಯೊಳಗೆ ನೀರಿನ ಕಾಲುವೆ, ನಡುವೆ ಹುಲ್ಲಿನ ಮೇಲೆ ಹುತ್ತದ ಆಕಾರದ ಚಿಕ್ಕ ಚಿಕ್ಕ ಗುಮ್ಮಟಗಳು. ಒಂದು ಅಂಗಳದಲ್ಲಿ ಹಲವು ಹಾವುಗಳು ಒಟ್ಟಿಗೇ. ನೋಡಲು ಬಂದವರಿಗೆ ಅದು ಊರಿನಂತೆ ಕಾಣುತ್ತಿತ್ತು. ಆದರೆ ವೈಟಲ್ ಬ್ರೆಜಿಲ್‌ನ ಅಚ್ಚುಮೆಚ್ಚಿನ ಹಾವನ್ನು ಆ ಊರಿಗೆ ಬಿಡುವಂತಿರಲಿಲ್ಲ. ಮುಸುರಾನ ಎಂಬ ಆ ಕಪ್ಪು ಹಾವು ವಿಷದ ಹಾವುಗಳನ್ನೇ ಹಿಡಿದು ನುಂಗುವುದು. 1913ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬ್ರೆಜಿಲ್‌ಗೆ ಹೋದಾಗ ಮುಸುರಾನ ಒಂದು ಮಂಡಲದ ಹಾವನ್ನು ನುಂಗುವುದನ್ನು ನೋಡಿ ಬೆರಗಾಗಿ, ತನ್ನ ಪ್ರವಾಸದ ಪುಸ್ತಕದಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದ.

ನಮ್ಮ ಕಡೆ ವಿಷ ತೆಗೆಯುವವರು ಆರಿಸಿಕೊಂಡದ್ದು ಮಡಕೆಯನ್ನು. ಚೆನ್ನೈನಿಂದ ಮಾಮಲ್ಲಪುರಕ್ಕೆ ಹೋಗುವ ಕಡಲ ದಾರಿಯಲ್ಲಿ ವಡನೆಮ್ಮೇಲಿ ಎಂಬ ಊರಿದೆ. ಅಲ್ಲಿನ ಮೊಸಳೆ ಉದ್ಯಾನದ ಆವರಣದಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದ ಕೆಲಸ ನಡೆಯುತ್ತದೆ. ಇರುಳರು ಒಂದು ಕಾಲಕ್ಕೆ ಹಾವಿನ ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ, ಅದರ ಬೆನ್ನಿಗೇ ಚರ್ಮದ ರಫ್ತಿನ ನಿಷೇಧ, ಎರಡೂ ಸೇರಿ ಅವರ ಅನ್ನ ಕಿತ್ತುಕೊಂಡವು. 1978ರಲ್ಲಿ ವಿಟೇಕರ್ ಮತ್ತಿತರರ ನೆರವಿನಿಂದ ಹುಟ್ಟಿದ ಸಂಘ ಅದೇ ಕೈಚಳಕವನ್ನು ಬೇರೆ ಕೆಲಸಕ್ಕೆ ಹಚ್ಚಿತು. ದೇಶದಲ್ಲಿ ತಯಾರಾಗುವ ಹಾವಿನ ಮದ್ದಿಗೆ ಬೇಕಾದ ವಿಷದ ಬಹುಪಾಲು ಬಂದದ್ದು ಈ ಮಡಕೆಗಳಿಂದ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಹಿಡಿಯುತ್ತಾರೆ. ಮೂರು ವಾರ ಇಟ್ಟುಕೊಂಡು ನಾಲ್ಕು ಸಲ ವಿಷ ತೆಗೆಯುತ್ತಾರೆ. ಅದೇ ಹಾವನ್ನು ಬೇಗನೆ ಮತ್ತೆ ಹಿಡಿಯಬಾರದೆಂದು ಹೊಟ್ಟೆಯ ಹುರುಪೆಯ ಮೇಲೆ ಗುರುತು ಮಾಡಿ ಬಿಡುತ್ತಾರೆ. 2023ರಲ್ಲಿ ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಬಂದಾಗ ಈ ಸಂಘದ ಹೆಸರು ಮತ್ತೊಮ್ಮೆ ಸುದ್ದಿಯಾಯಿತು.

ಮಡಕೆಯ ಬಾಯಿಗೆ ಹತ್ತಿಯ ಬಟ್ಟೆ ಕಟ್ಟಿರುತ್ತಾರೆ, ಗಾಳಿಯಾಡುತ್ತದೆ. ಒಳಗೆ ಕತ್ತಲೆ. ಮಣ್ಣು ಬೆವರುವುದರಿಂದ ಚೆನ್ನೈನ ಬೇಸಿಗೆಯಲ್ಲೂ ತಂಪು. ಹಾವಿನ ಮೈ ಸುತ್ತಲೂ ಗೋಡೆಗೆ ತಾಗಿಕೊಂಡಿರುತ್ತದೆ, ಇಲಿಬಿಲದಲ್ಲಿ ಇರುವಂತೆಯೇ. ನೋಡುವವರ ಕಣ್ಣಿಗೆ ಏನೇನೂ ಇಲ್ಲ, ಸಾಲಾಗಿ ಇಟ್ಟ ಮಡಕೆಗಳಷ್ಟೇ. ಪ್ರದರ್ಶನವಾಗಿ ಇದಕ್ಕಿಂತ ನೀರಸವಾದದ್ದು ಸಿಗಲಿಕ್ಕಿಲ್ಲ. ಆದರೆ ದಿನವೂ ಹಾವಿನ ಜೊತೆ ಏಗುವವರ ಕೈಯಲ್ಲಿ ಗಾಜಿನ ಅಪ್ಪುಗೆಗಳು ಹೋಗಿ ಚಿಕ್ಕ ಕತ್ತಲೆಗಳು ಬಂದವು. ಒಂದು ಮಡಕೆಯಲ್ಲಿ ಹೆಚ್ಚು ಹಾವು ಹಾಕಿದರೆ ಯಾವ ಹಾವಿನ ವಿಷ ಎಂದು ತೆಗೆದರು ಎಂಬ ಲೆಕ್ಕವೂ ತಪ್ಪುತ್ತದೆ, ಬಟ್ಟೆ ಬಿಚ್ಚಿದವನ ಕೈಗೂ ಅಪಾಯ. ಹಾಗೆಂದು ಮಡಕೆಯನ್ನು ತೀರಾ ಹೊಗಳುವಂತೆಯೂ ಇಲ್ಲ. ಸಾಂಗ್ಲಿ ಜಿಲ್ಲೆಯ ಬತ್ತೀಸ್ ಶಿರಾಳದಲ್ಲಿ ನಾಗರಪಂಚಮಿಗೆ ಮೊದಲು ಹಿಡಿದ ಜೀವಂತ ನಾಗರಗಳನ್ನು ಇಡುತ್ತಿದ್ದದ್ದೂ ಬಟ್ಟೆ ಕಟ್ಟಿದ ಮಡಕೆಯಲ್ಲೇ. ಅಲ್ಲಿಯ ಮೆರವಣಿಗೆ, ಹಾವಿನ ಆಟಗಳನ್ನು ಬಾಂಬೆ ಹೈಕೋರ್ಟ್ ತಡೆಯಬೇಕಾಯಿತು. ಒಂದೇ ಮಡಕೆ. ಒಂದು ಕಡೆ ಮೂರು ವಾರದ ನಂತರ ಬಿಡುಗಡೆ, ಇನ್ನೊಂದು ಕಡೆ ಡೋಲು ಮತ್ತು ಜನಜಂಗುಳಿ.

ಕಣ್ಣಿಗೆ ಕಾಣುವ ಕಾರಣಗಳು ಇವು. ಕಾಣದ ಒಂದು ಕಾರಣ ತಡವಾಗಿ ಸಿಕ್ಕಿತು. 1970ರ ದಶಕದಿಂದ ಅಮೆರಿಕ, ಯೂರೋಪುಗಳಲ್ಲಿ ಬೋವಾ ಮತ್ತು ಹೆಬ್ಬಾವು ಸಾಕಿದವರು ಒಂದು ವಿಚಿತ್ರ ಕಾಯಿಲೆ ನೋಡುತ್ತಿದ್ದರು. ಹಾವು ತಲೆಯನ್ನು ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತದೆ, ಮಗುಚಿದರೆ ತಿರುಗಿ ಬೀಳಲಾರದು, ತಿಂದದ್ದನ್ನು ಕಕ್ಕುತ್ತದೆ, ಸಾಯುತ್ತದೆ. ಸಂಗ್ರಹದಲ್ಲಿ ಒಂದಕ್ಕೆ ಬಂದರೆ ಮಿಕ್ಕವಕ್ಕೂ ಬರುತ್ತದೆ. ನಲವತ್ತು ವರ್ಷ ಇದರ ಮೂಲ ಗೊತ್ತಾಗಲಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜೋ ಡಿರೀಸಿಯ ಪ್ರಯೋಗಾಲಯ ಇದರ ಹಿಂದೆ ಅರೀನಾವೈರಸ್ ಗುಂಪಿನ ವೈರಸ್ಸನ್ನು ಗುರುತಿಸಿತು. ತನ್ನ ಬೋವಾಕ್ಕೆ ಇದೇ ಕಾಯಿಲೆಯಿದೆಯೇನೋ ಎಂದು ಹೆದರಿದ ಸಾಕಣೆದಾರರೊಬ್ಬರು ಬರೆದ ಪತ್ರವೇ ಆ ಹುಡುಕಾಟಕ್ಕೆ ಕಾರಣವಾಯಿತು. ಇದರಲ್ಲಿ ಕಳವಳ ಹುಟ್ಟಿಸುವ ಸಂಗತಿ ಎಂದರೆ, ಸೋಂಕು ತಗುಲಿದ ಬೋವಾ ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಕಾಣಬಹುದು. ಅದರ ಗೂಡಿಗೆ ಬಂದ ಹೆಬ್ಬಾವು ಮಾತ್ರ ವಾರಗಳಲ್ಲಿ ಹೋಗಬಹುದು. ಹುರುಪೆಗಳ ಸಂದಿಯಲ್ಲಿ ರಕ್ತ ಹೀರುವ, ಸಾಸಿವೆಗಿಂತ ಚಿಕ್ಕದಾದ ಒಂದು ಹುಳವಿದೆ. ಅದೇ ಒಂದರಿಂದ ಇನ್ನೊಂದಕ್ಕೆ ಇದನ್ನು ದಾಟಿಸುತ್ತದೆಂಬ ಶಂಕೆಯಿದೆ. ಆರೋಗ್ಯವಂತವೆಂದು ಕಾಣುವ ಎರಡು ಹಾವುಗಳನ್ನು ಜೊತೆಗೂಡಿಸುವವರ ಲೆಕ್ಕದಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ.

ಇಷ್ಟು ಓದಿ, ಹಾಗಾದರೆ ಹಾವು ಹುಟ್ಟಾ ಒಂಟಿ ಜೀವ, ಮಾತು ಮುಗಿಯಿತು ಎಂದು ಹೇಳಿಬಿಡಬಹುದಿತ್ತು. ಬಹಳ ಕಾಲ ವಿಜ್ಞಾನಿಗಳೂ ಹಾಗೇ ಹೇಳಿದರು. ಹಾವಿಗೆ ಸಂಬಂಧ ಎನ್ನುವುದು ಇರಬಹುದೆಂದು ಹೇಳಿದವರನ್ನು ನಂಬದೇ ಇರುವುದು ಹಳೆಯ ಚಾಳಿ. ಲಾಮಾರ್-ಪಿಕೋ ಎಂಬ ಫ್ರೆಂಚ್ ಸಂಚಾರಿ ಹೆಬ್ಬಾವು ಮೊಟ್ಟೆಗಳ ಸುತ್ತ ಸುತ್ತಿಕೊಂಡು ಕಾವು ಕೊಡುತ್ತದೆ ಎಂದು 1830ರ ದಶಕದಲ್ಲಿ ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ನಕ್ಕರು. 1841ರಲ್ಲಿ ಪ್ಯಾರಿಸ್ಸಿನದೇ ಮೃಗಾಲಯದಲ್ಲಿ ಭಾರತದ ಹೆಬ್ಬಾವೊಂದು ಮೊಟ್ಟೆಯಿಟ್ಟಿತು. ವಾಲಾನ್ಸಿಯೆನ್ ಎಂಬ ವಿಜ್ಞಾನಿ ಉಷ್ಣಮಾಪಕ ಇಟ್ಟು ನೋಡಿದ. ತಾಯಿಯ ಮೈ ಸುತ್ತಲಿನ ಗಾಳಿಗಿಂತ ನಿಜಕ್ಕೂ ಬಿಸಿಯಾಗಿತ್ತು.

ಆಮೇಲಿನ ಆಧಾರಗಳು ಇನ್ನೂ ಗಟ್ಟಿ. ಕೆನಡಾದ ಮ್ಯಾನಿಟೋಬಾದಲ್ಲಿ ನಾರ್ಸಿಸ್ ಎಂಬಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಗಾರ್ಟರ್ ಹಾವುಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಒಟ್ಟಿಗೆ ಚಳಿಗಾಲ ಕಳೆಯುತ್ತವೆ. ಹಿಮ ಕರಗಿದಾಗ ನೆಲವೇ ಹರಿದಾಡಿದಂತೆ ಹೊರಗೆ ಬರುತ್ತವೆ. ಇದನ್ನೂ ಕಾವಿನ ಗುಡ್ಡೆ ಎನ್ನಬಹುದು. ಆದರೆ 2004ರಲ್ಲಿ ರುಲಾನ್ ಕ್ಲಾರ್ಕ್ ಮಾಡಿದ ಪ್ರಯೋಗವನ್ನು ಹಾಗೆ ತಳ್ಳಿಹಾಕಲಾಗದು. ಬುಡುಬುಡಿಕೆ ಹಾವಿನ ಮರಿಗಳನ್ನು ಹುಟ್ಟಿದಾಗಿನಿಂದ ಬೇರೆ ಬೇರೆಯಾಗಿ ಬೆಳೆಸಿ, ನಂತರ ಎರಡೆರಡನ್ನು ಒಂದು ಗೂಡಿಗೆ ಬಿಟ್ಟು ಅವುಗಳ ನಡುವಿನ ಅಂತರ ಅಳೆದ. ಹೆಣ್ಣು ಮರಿಗಳು ಒಡಹುಟ್ಟಿದವರಾಗಿದ್ದರೆ ಪರಕೀಯರಿಗಿಂತ ಹತ್ತಿರ ಮಲಗಿದವು. ಒಬ್ಬರನ್ನೊಬ್ಬರು ನೋಡಿಯೇ ಬೆಳೆಯದ ಅಕ್ಕತಂಗಿಯರು ಪರಸ್ಪರ ಗುರುತಿಸಿದರು ಎಂದಾಯಿತು. 2020ರಲ್ಲಿ ಕೆನಡಾದ ಮೋರ್ಗನ್ ಸ್ಕಿನ್ನರ್ ಮತ್ತು ನೋಮ್ ಮಿಲ್ಲರ್ ಗಾರ್ಟರ್ ಮರಿಗಳನ್ನು ಹತ್ತು ಹತ್ತರ ತಂಡಗಳಾಗಿ ನಾಲ್ಕು ಅಡಗುತಾಣಗಳಿದ್ದ ಅಂಗಳಕ್ಕೆ ಬಿಟ್ಟರು. ದಿನಕ್ಕೆರಡು ಸಲ ಎಲ್ಲವನ್ನೂ ಎತ್ತಿ, ವಾಸನೆ ಉಳಿಯದಂತೆ ಅಂಗಳ ತೊಳೆದು, ಬೇರೆ ಬೇರೆ ಜಾಗಗಳಲ್ಲಿ ಇಟ್ಟರು. ಹಾವುಗಳು ಮತ್ತೆ ಮತ್ತೆ ತಮ್ಮ ಹಳೆಯ ಗುಂಪುಗಳನ್ನೇ ಸೇರಿಕೊಂಡವು. ಕೆಲವು ಪುಕ್ಕಲು, ಕೆಲವು ಧೈರ್ಯದವು, ಕೆಲವಕ್ಕೆ ಜೊತೆಯೇ ಬೇಡ.

ಕೂಡಿ ಸಾಕಬೇಕೆನ್ನುವವರು ಈ ಪ್ರಯೋಗಗಳನ್ನು ಎದೆಗೆ ಅಪ್ಪಿಕೊಂಡಿದ್ದಾರೆ. ಅವರು ಓದದೆ ಬಿಡುವ ಅಂಶ ಒಂದಿದೆ. ಆ ಅಂಗಳದಲ್ಲಿ ತಾಣಗಳು ನಾಲ್ಕಿದ್ದವು. ಯಾವ ಹಾವು ಯಾರ ಪಕ್ಕ ಮಲಗಬೇಕೆಂದು ಹಾವೇ ಆರಿಸಿತು, ಬೇಡವೆನಿಸಿದರೆ ಎದ್ದು ಹೋಗುವ ದಾರಿ ತೆರೆದಿತ್ತು. ಅಂಗಡಿಯಿಂದ ತಂದ ಎರಡು ಹಾವುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿದಾಗ ಆಯ್ಕೆ ಮಾಡಿದ್ದು ಅಂಗಡಿ. ಮೇಲಾಗಿ ಗಾರ್ಟರ್ ಹಾವಿನ ಸ್ವಭಾವವನ್ನು ಬಾಲ್ ಪೈಥಾನಿಗೆ, ಬಾಲ್ ಪೈಥಾನಿನದನ್ನು ಕಿಂಗ್ ಸ್ನೇಕಿಗೆ ಹಚ್ಚಲಾಗದು. ಕಿಂಗ್ ಸ್ನೇಕ್ ಎಂಬ ಅಮೆರಿಕದ ಹಾವು ಪಕ್ಕದಲ್ಲಿ ಮಲಗಿದ್ದನ್ನು ನುಂಗುವುದಕ್ಕೆ ಪಾರಿವಾಳದ ನೆವವನ್ನೂ ಹುಡುಕುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಹೊಸ ಮಗ್ಗುಲಿಗೆ ಹೊರಳಿರುವುದು ಕಾನೂನಿನಿಂದ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೇರೆಯಾದರೂ ಸರಿ, ನಾಗರವಾದರೂ ಸರಿ. ಹೊರದೇಶದ ಹಾವುಗಳ ಮಾತು ಬೇರೆ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ತಾವಾಗಿ ಘೋಷಿಸಿಕೊಳ್ಳಲಿ ಎಂದಿತು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು, 2024ರಲ್ಲಿ ನೋಂದಣಿಯ ನಿಯಮಗಳು ಬಂದವು. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಇಲಿಬಿಲದೊಳಗೆ ಹಗಲು ಕಳೆಯುವ ಬಾಲ್ ಪೈಥಾನ್ ಹೀಗೆ ನಮ್ಮ ಕಡತಗಳಲ್ಲಿ ಕಾಲಿಟ್ಟಿದೆ, ಕಾಲಿಲ್ಲದಿದ್ದರೂ. ಹಾವಿನ ಒಡೆತನಕ್ಕೆ ಕಾಗದ ಬಂತು. ಹಾವಿನ ಬದುಕಿಗೆ ಏನು ಬೇಕು ಎನ್ನುವುದನ್ನು ಕೊಂಡವರು ವಿಡಿಯೋ ನೋಡಿ ಕಲಿಯುತ್ತಿದ್ದಾರೆ.

ಬೇರೆ ಬೇರೆ ಇಡುವುದು ಎಂದರೂ ಎಲ್ಲ ಸರಿಹೋಯಿತೆಂದಲ್ಲ. ವ್ಯಾಪಾರಕ್ಕೆ ಮರಿ ಮಾಡಿಸುವವರು ಹಾವೊಂದಕ್ಕೆ ಡಬ್ಬಿಯೊಂದರಂತೆ, ಬೀರುವಿನ ಖಾನೆಗಳ ಹಾಗೆ ಜೋಡಿಸಿ, ಎಳೆದು ತೆರೆದು ಮೇವು ಹಾಕಿ ಮುಚ್ಚುತ್ತಾರೆ. ಇಂಥ ಖಾನೆಗಳಲ್ಲಿ ಹಾವಿಗೆ ಮೈ ನೇರ ಮಾಡಿ ಮಲಗಲೂ ಆಗದು ಎಂದು ಕ್ಲಿಫರ್ಡ್ ವಾರ್ವಿಕ್ ಎಂಬ ಬ್ರಿಟಿಷ್ ಜೀವವಿಜ್ಞಾನಿ ಮತ್ತು ಅವನ ಸಂಗಡಿಗರು ಬರೆದಾಗ ಸಾಕಣೆದಾರರು ಸಿಟ್ಟಾದರು. ಹಾವು ಸುತ್ತಿಕೊಂಡೇ ಇರುವ ಪ್ರಾಣಿ, ಅದಕ್ಕೇಕೆ ಜಾಗ ಎಂದು ವಾದಿಸಿದರು. ಹಾವು ಸುತ್ತಿಕೊಂಡಿರುತ್ತದೆ, ಹೌದು. ಚಾಚಿಕೊಳ್ಳಲು ಜಾಗವಿಲ್ಲದ ಕಡೆ ಇನ್ನೂ ಚೆನ್ನಾಗಿ ಸುತ್ತಿಕೊಳ್ಳುತ್ತದೆ. ಒಂಟಿಯಾಗಿ, ಆದರೆ ವಿಶಾಲವಾಗಿ ಇಡುವ ಮನೆ ಬಹಳ ದುಬಾರಿ. ಕೂಡಿ ಇಡುವ ವಾದವೂ ಖಾನೆಯ ವಾದವೂ ಅಲ್ಲಿಗೇ ಬಂದು ಸೇರುತ್ತವೆ.

ಎರಡನ್ನು ಒಂದೇ ಗೂಡಿನಲ್ಲಿಟ್ಟುಕೊಂಡವರೂ ಊಟದ ಹೊತ್ತಿಗೆ ಮಾತ್ರ ಎಚ್ಚರ. ಒಂದನ್ನು ಎತ್ತಿ ಮುಚ್ಚಳವಿರುವ ಬಕೆಟ್ಟಿಗೆ ಹಾಕುತ್ತಾರೆ. ಎರಡಕ್ಕೂ ಇಲಿ ಕೊಟ್ಟಾದ ಮೇಲೂ ತಕ್ಷಣ ಸೇರಿಸುವುದಿಲ್ಲ. ಮೂತಿಗೆ ಹತ್ತಿದ ಇಲಿಯ ವಾಸನೆ ಆರಬೇಕು. ಕೆಲವರು ಒದ್ದೆ ಬಟ್ಟೆಯಿಂದ ಮೂತಿ ಒರೆಸುತ್ತಾರೆ, ಕೆಲವರು ರಾತ್ರಿ ಕಳೆಯಲಿ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆಯುವ ಮೊದಲು ಗೂಡಿನಲ್ಲೊಂದು, ಬಕೆಟ್ಟಿನಲ್ಲೊಂದು ಎಂದು ಎಣಿಸಿ ನೋಡುತ್ತಾರೆ.